ಕಾಸಾಬ್ಲಾಂಕಾ ಚಿತ್ರದ ಕಿರುಪಾತ್ರಗಳು

ಹಾಲಿವುಡ್ಡಿನ ನಟನಟಿಯರಲ್ಲಿ ನಿಮಗೆ ಪ್ರಿಯರಾದವರು ಯಾರೆಂದು ಕೇಳಿದರೆ, ಶ್ರೋತೃಗಳಲ್ಲಿ ಹೆಚ್ಚಿನವರು ತಡವರಿಸದೆ ನಾಲ್ಕಾರು ಹೆಸರುಗಳನ್ನು ಹೇಳಬಲ್ಲರು. ಗ್ರೆಟಾ ಗಾರ್ಬೊ, ಕ್ಲಾರ್ಕ್ ಗೇಬಲ್, ಚಾರ್ಲಿ ಚಾಪ್ಲಿನ್, ಇಂಗ್ರಿಡ್ ಬರ್ಗ್‌ಮನ್—ಈ ಹೆಸರುಗಳು ಭೂಮಂಡಲವನ್ನೆಲ್ಲ ಸುತ್ತಿ ಬಂದಿವೆ. ಅವುಗಳ ಪ್ರಶಂಸೆಗೆ ನಮ್ಮ ಧ್ವನಿಯ ನೆರವು ಬೇಕಾಗಿಲ್ಲ. ಆದರೆ ನೋಡಿದ ಚಿತ್ರವನ್ನೇ ಮತ್ತೆ ಮತ್ತೆ ನೋಡುವ ದುರಭ್ಯಾಸವಿರುವ ನಮ್ಮಂಥವರಿಗೆ ಕ್ರಮೇಣ ಬೇರೊಂದು ಬಗೆಯ ಸ್ನೇಹ ಬೆಳೆಯುತ್ತದೆ. ಮೊದಲ ಸಲ ನಾಯಕನನ್ನು ನೋಡುತ್ತೇವೆ, ಎರಡನೆಯ ಸಲ ನಾಯಿಕೆಯನ್ನು. ಐದನೆಯ ಸಲಕ್ಕೆ ಕಣ್ಣು ಇವರಿಬ್ಬರನ್ನೂ ಬಿಟ್ಟು ಹಿಂದಿನ ಮೇಜಿನತ್ತ ಸರಿಯುತ್ತದೆ. ಅಲ್ಲಿ ಒಬ್ಬ ಪರಿಚಾರಕ ತಟ್ಟೆ ಹಿಡಿದು ನಿಂತಿದ್ದಾನೆ. ಒಬ್ಬ ಜೂಜಿನ ಚಕ್ರವನ್ನು ತಿರುಗಿಸುತ್ತಿದ್ದಾನೆ. ಮುದುಕ ದಂಪತಿಗಳಿಬ್ಬರು ಏನನ್ನೋ ಬಾಯಿಪಾಠ ಮಾಡುತ್ತಿದ್ದಾರೆ. ಇವರು ಯಾರು? ಎಲ್ಲಿಂದ ಬಂದರು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಕೆಲವು ಚಿತ್ರಗಳು ನಾವು ತಿಳಿದಿದ್ದಕ್ಕಿಂತ ಬೇರೆಯೇ ಆಗಿ ಕಾಣಲು ತೊಡಗುತ್ತವೆ.

ಅಂಥ ಚಿತ್ರಗಳಲ್ಲಿ ಮುಖ್ಯವಾದುದು ವಾರ್ನರ್ ಸಹೋದರರ ಸಂಸ್ಥೆಯು 1942ರಲ್ಲಿ ತಯಾರಿಸಿದ ‘ಕಾಸಾಬ್ಲಾಂಕಾ.’ ಕಥೆಯನ್ನು ಬಲ್ಲವರೇ ಹೆಚ್ಚು. ಬಲ್ಲದವರಿಗಾಗಿ ನಾಲ್ಕು ಮಾತು. ಫ್ರಾನ್ಸು ಜರ್ಮನರಿಗೆ ಶರಣಾದ ಮೇಲೆ ಯೂರೋಪಿನಿಂದ ಓಡಿಬಂದವರು ಉತ್ತರ ಆಫ್ರಿಕದ ಕಾಸಾಬ್ಲಾಂಕಾ ನಗರದಲ್ಲಿ ಬಂದು ಸಿಕ್ಕಿಬಿದ್ದಿದ್ದಾರೆ. ಅಲ್ಲಿಂದ ಲಿಸ್ಬನ್ನಿಗೆ, ಲಿಸ್ಬನ್ನಿನಿಂದ ಅಮೆರಿಕಕ್ಕೆ—ಇದೊಂದೇ ಎಲ್ಲರ ಜಪ. ರಹದಾರಿ ಸಿಕ್ಕಿದವನು ಪುಣ್ಯವಂತ; ಸಿಕ್ಕದವನು ಕಾದು ಕಾದು ಕೊಳೆಯಬೇಕು. ಇವರೆಲ್ಲರೂ ಸಂಜೆಯಾದರೆ ಸೇರುವ ಪಾನಗೃಹವೊಂದರ ಒಡೆಯ ರಿಕ್ ಎಂಬ ಅಮೆರಿಕದವನು. ಅವನ ಹಳೆಯ ಪ್ರಿಯೆ ಇಲ್ಸಾ ತನ್ನ ಪತಿಯಾದ ವಿಕ್ಟರ್ ಲಾಸ್ಲೋ ಎಂಬ ದೇಶಭಕ್ತನೊಡನೆ ಅಲ್ಲಿಗೆ ಬರುತ್ತಾಳೆ. ರಿಕ್ಕನ ಕೈಯಲ್ಲಿ ಇಬ್ಬರಿಗಾಗುವಷ್ಟು ರಹದಾರಿಯಿದೆ. ಹೋಗುವವರು ಯಾವ ಇಬ್ಬರು? ಕಥೆಯೆಂದರೆ ಇಷ್ಟೆ.

ರಿಕ್ಕನ ಪಾತ್ರವನ್ನು ವಹಿಸಿದ ಹಂಫ್ರಿ ಬೋಗಾರ್ಟನನ್ನು ನಾವು ಕಡೆಗಣಿಸುತ್ತಿದ್ದೇವೆಂದು ಯಾರೂ ಭಾವಿಸಬಾರದು. ಹತ್ತಾರು ವರ್ಷ ಕೊಲೆಗಡುಕರ, ಕಳ್ಳರ ಪಾತ್ರಗಳನ್ನು ಮಾಡಿ, ಚಿತ್ರ ಮುಗಿಯುವುದರೊಳಗೆ ಗುಂಡಿಗೆ ಬಲಿಯಾಗುವುದನ್ನೇ ಉದ್ಯೋಗವಾಗಿ ಮಾಡಿಕೊಂಡಿದ್ದವನು ಆತ. 1941ರಲ್ಲಿ ‘ಮಾಲ್ಟೀಸ್ ಫಾಲ್ಕನ್’ ಬಂದಮೇಲೆ ಅವನ ದೆಸೆ ತಿರುಗಿತು. ರೂಪವಂತನಲ್ಲ, ನಲವತ್ತು ದಾಟಿದವನು, ಮೇಲ್ದುಟಿಯನ್ನು ಹೆಚ್ಚು ಅಲುಗಿಸದೆ ಮಾತನಾಡುವವನು. ಆದರೂ ಸುಮ್ಮನಿರುವುದರಲ್ಲಿ ಅವನನ್ನು ಮೀರಿಸಿದವರು ವಿರಳ. ಹೊಟ್ಟೆಯೊಳಗಿನ ಉರಿಯನ್ನು ಒಂದು ಸಿಗರೇಟಿನ ಹೊಗೆಯಲ್ಲಿ ಮುಚ್ಚಿಡಬಲ್ಲ ನಟ. ಇಂಗ್ರಿಡ್ ಬರ್ಗ್‌ಮನ್ನಳಂತೂ ಚಿತ್ರೀಕರಣದ ಕಾಲದಲ್ಲಿ ಕಥೆಯ ಕೊನೆ ಇನ್ನೂ ಪೂರ್ತಿಯಾಗಿ ಬರೆದು ಮುಗಿದಿರಲಿಲ್ಲವಾದ ಕಾರಣ, ತಾನು ಪ್ರೀತಿಸುವುದು ಯಾರನ್ನೆಂಬುದನ್ನು ಸ್ಪಷ್ಟವಾಗಿ ತಿಳಿಯದೆಯೇ ನಟಿಸಬೇಕಾಯಿತೆಂದು ಮುಂದೆ ಹೇಳಿಕೊಂಡಿದ್ದಳು. ಆ ಅನಿಶ್ಚಯವೇ ಅವಳ ಮುಖಕ್ಕೆ ಶೋಭೆಯಾಯಿತು. ಇವರಿಬ್ಬರ ವಿಷಯದಲ್ಲಿ ಇಷ್ಟು ಸಾಕು.

ಈ ಚಿತ್ರದ ಪಾತ್ರಧಾರಿಗಳ ಪಟ್ಟಿಯಲ್ಲಿ ಹೆಸರು ಅಚ್ಚಾಗಿರುವವರಲ್ಲಿ ಅಮೆರಿಕದ ನೆಲದಲ್ಲಿ ಹುಟ್ಟಿದವರು ಮೂವರೇ ಮೂವರು: ಬೋಗಾರ್ಟ್, ಪಿಯಾನೊ ವಾದಕ ಸ್ಯಾಮ್ ಆಗಿ ಬರುವ ಡೂಲಿ ವಿಲ್ಸನ್, ಮತ್ತು ಬಲ್ಗೇರಿಯದ ನವವಧುವಾಗಿ ಬರುವ ಜಾಯ್ ಪೇಜ್. ಮಿಕ್ಕವರೆಲ್ಲ ಹೊರಗಿನಿಂದ ಬಂದವರು. ನಿರ್ದೇಶಕನಾದ ಮೈಕೆಲ್ ಕರ್ಟಿಜ್ ಸಹ ಬುಡಾಪೆಸ್ಟಿನಲ್ಲಿ ಹುಟ್ಟಿ, 1926ರಲ್ಲಿ ಹಾಲಿವುಡ್ಡಿಗೆ ಬಂದವನು. ಹೆಸರಿಲ್ಲದೆ ಬಂದು ಹೋಗುವ ಚಿಲ್ಲರೆ ಪಾತ್ರಗಳವರನ್ನು ಲೆಕ್ಕಕ್ಕೆ ಹಿಡಿದರೆ, ರಿಕ್ಕನ ಪಾನಗೃಹದಲ್ಲಿ ಕುಳಿತಿದ್ದವರಲ್ಲಿ ಅನೇಕರು ನಿಜವಾಗಿಯೇ ಹಿಟ್ಲರನಿಗೆ ಹೆದರಿ ಮನೆಮಠ ಬಿಟ್ಟು ಓಡಿಬಂದವರು. ನಟಿಸುವುದಕ್ಕಾಗಿ ಅವರು ಬಲು ದೂರದ ಕಲ್ಪನೆಗೆ ಹೋಗಬೇಕಾಗಿರಲಿಲ್ಲ.

ಖಳನಿಂದಲೇ ಪ್ರಾರಂಭಿಸೋಣ. ಜರ್ಮನ್ ಸೇನಾಧಿಕಾರಿ ಮೇಜರ್ ಸ್ಟ್ರಾಸರನ ಪಾತ್ರವನ್ನು ವಹಿಸಿದವನು ಕಾನ್ರಾಡ್ ಫೈಟ್. 1893ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವನು. 1920ರಲ್ಲಿ ತೆರೆಗೆ ಬಂದ ‘ಡಾಕ್ಟರ್ ಕಾಲಿಗರಿಯ ಪೆಟ್ಟಿಗೆ’ ಎಂಬ ಮೂಕಚಿತ್ರದಲ್ಲಿ ನಿದ್ದೆಯಲ್ಲಿ ನಡೆಯುವ ಸೆಸಾರೆಯಾಗಿ, ಕರಿಯ ಉಡುಪಿನಲ್ಲಿ ಗೋಡೆಯನ್ನು ತಡವುತ್ತ ಸಾಗುವ ಅವನ ನೀಳವಾದ ಆಕೃತಿಯನ್ನು ಒಮ್ಮೆ ನೋಡಿದವರು ಮರೆಯಲಾರರು. 1928ರಲ್ಲಿ ಹಾಲಿವುಡ್ಡಿನಲ್ಲಿ ತಯಾರಾದ ‘ನಗುವ ಮನುಷ್ಯ’ ಚಿತ್ರದಲ್ಲಿ, ಬಾಲ್ಯದಲ್ಲಿಯೇ ಬಾಯನ್ನು ಕೊಯ್ದು ಶಾಶ್ವತವಾದ ನಗೆಯನ್ನು ಮುಖಕ್ಕೆ ಅಂಟಿಸಲ್ಪಟ್ಟ ದುರ್ದೈವಿಯ ಪಾತ್ರ ಅವನದು. ಬಾಯಿ ನಗುತ್ತಿರುತ್ತದೆ, ಕಣ್ಣು ಅಳುತ್ತಿರುತ್ತದೆ. ಹಾಸ್ಯ ಕರುಣಗಳನ್ನು ಒಂದೇ ಮುಖದ ಮೇಲರ್ಧ ಕೆಳಗರ್ಧಗಳಲ್ಲಿ ಹಂಚಿಟ್ಟ ಅಭಿನಯವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ನಾಜಿಗಳು 1933ರಲ್ಲಿ ಅಧಿಕಾರಕ್ಕೆ ಬಂದಾಗ ಫೈಟನು ಜರ್ಮನಿಯ ಅತ್ಯಂತ ಪ್ರಸಿದ್ಧ ನಟರಲ್ಲೊಬ್ಬ. ತಾನು ಯಹೂದ್ಯನಲ್ಲ, ಸುಮ್ಮನಿದ್ದಿದ್ದರೆ ಸಕಲ ಸನ್ಮಾನಗಳೂ ಕಾದಿದ್ದುವು. ಆದರೆ ಅವನ ಪತ್ನಿ ಯಹೂದ್ಯಳು. ಆತ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟುಹೋದ. ಅಲ್ಲಿ ಮಾಡಿದ ಮೊದಮೊದಲ ಚಿತ್ರಗಳಲ್ಲಿಯೇ ಯಹೂದ್ಯನ ಪಾತ್ರವನ್ನು ಸಹಾನುಭೂತಿಯಿಂದ ವಹಿಸಿ, ಹಿಂದಿರುಗುವ ದಾರಿಯನ್ನು ತಾನೇ ಮುಚ್ಚಿಕೊಂಡ.

ಇಂಥವನಿಗೆ ಹಾಲಿವುಡ್ಡು ಕೊಟ್ಟದ್ದೇನು? ನಾಜಿಯ ಸಮವಸ್ತ್ರ. ಜರ್ಮನ್ ಉಚ್ಚಾರಣೆಯುಳ್ಳ ಇಂಗ್ಲಿಷ್ ಮಾತನಾಡುವವನು ಬೇಕಾದಾಗ ಆ ಉಚ್ಚಾರಣೆ ದೊರಕುತ್ತಿದ್ದುದು ನಾಜಿಗಳಿಂದ ತಪ್ಪಿಸಿಕೊಂಡು ಬಂದವರಲ್ಲಿ ಮಾತ್ರ. ಹೀಗಾಗಿ ಬೇಟೆಯ ಮೃಗಗಳೇ ಬೇಟೆಗಾರರ ವೇಷವನ್ನು ಹಾಕಬೇಕಾಯಿತು. ಫೈಟನು ಈ ಕೆಲಸವನ್ನು ಮುಖ ಸಿಂಡರಿಸಿಕೊಂಡು ಮಾಡಲಿಲ್ಲ. ನಾಜಿಯ ಪಾತ್ರವನ್ನು ಕೊಡುವುದಾದರೆ ಅವನನ್ನು ಖಳನೆಂದೇ ತೋರಿಸಬೇಕು, ಎಲ್ಲಿಯೂ ಮರುಕ ಹುಟ್ಟಿಸಬಾರದು ಎಂದು ಹಟ ಹಿಡಿಯುತ್ತಿದ್ದನೆಂದು ಹೇಳುವುದುಂಟು. ಸ್ಟ್ರಾಸರನನ್ನು ನೋಡಿ: ಧ್ವನಿಯೇರುವುದಿಲ್ಲ, ಸಭ್ಯತೆ ಸಡಿಲವಾಗುವುದಿಲ್ಲ, ಕುರ್ಚಿಯನ್ನು ಎಳೆದುಕೊಳ್ಳುವ ರೀತಿಯಲ್ಲಿಯೂ ಒಂದು ನಾಜೂಕು. ಅವನು ಹೇಸಿಗೆಯಾಗಿರುವುದು ಆ ನಾಜೂಕಿನಿಂದಲೇ. ತಾನು ಬಲ್ಲ ಜನರನ್ನು, ಬಹುಶಃ ತನ್ನೊಡನೆ ಊಟ ಮಾಡಿದ್ದ ಜನರನ್ನು, ಫೈಟನು ಹೀಗೆ ಚಿತ್ರಿಸಿದನೆಂದು ನಮಗೆ ತೋರುತ್ತದೆ. 1943ರ ಏಪ್ರಿಲಿನಲ್ಲಿ, ಐವತ್ತರ ವಯಸ್ಸಿನಲ್ಲಿ, ಗಾಲ್ಫ್ ಆಡುತ್ತಿದ್ದಾಗ ಹೃದಯಾಘಾತವಾಗಿ ತೀರಿಹೋದ. ಹಿಟ್ಲರನು ಸೋತದ್ದನ್ನು ನೋಡುವುದಕ್ಕೆ ಅವನು ಉಳಿಯಲಿಲ್ಲ. ‘ಕಾಸಾಬ್ಲಾಂಕಾ’ಕ್ಕೆ 1944ರಲ್ಲಿ ಅತ್ಯುತ್ತಮ ಚಿತ್ರವೆಂದು ಅಕಾಡೆಮಿಯ ಪ್ರಶಸ್ತಿ ಬಂದುದನ್ನೂ ನೋಡಲಿಲ್ಲ.

ಫೈಟನ ಪ್ರಸ್ತಾಪ ಬಂದಾಗ ಎರಡು ವಿಚಿತ್ರಗಳನ್ನು ಹೇಳದೆ ಮುಂದೆ ಹೋಗಲಾರೆವು. ಮೊದಲನೆಯದು: ಚಿತ್ರದಲ್ಲಿ ಸ್ಟ್ರಾಸರನು ಬೆನ್ನಟ್ಟಿ ಬಂದಿರುವುದು ವಿಕ್ಟರ್ ಲಾಸ್ಲೋವನ್ನಷ್ಟೆ. ಲಾಸ್ಲೋವಿನ ಪಾತ್ರ ವಹಿಸಿದ ಪಾಲ್ ಹೆನ್ರೀಡ್ ಆಸ್ಟ್ರಿಯದವನು. ಯುದ್ಧ ಪ್ರಾರಂಭವಾದಾಗ ಇಂಗ್ಲೆಂಡಿನಲ್ಲಿದ್ದ. ಶತ್ರುದೇಶದ ಪ್ರಜೆಯೆಂದು ಅವನನ್ನು ಸೆರೆಯಲ್ಲಿಡುವ ಅಥವಾ ಗಡೀಪಾರು ಮಾಡುವ ಸಂಭವವಿತ್ತು. ಆಗ ಅವನ ಪರವಾಗಿ ಮಾತನಾಡಿ ಉಳಿಸಿದವರಲ್ಲಿ ಕಾನ್ರಾಡ್ ಫೈಟನೂ ಒಬ್ಬ. ತೆರೆಯ ಮೇಲೆ ಹಿಡಿಯಬಂದವನು ತೆರೆಯಾಚೆ ಬಿಡಿಸಿದವನು! ಎರಡನೆಯದು: ಪಾನಗೃಹಕ್ಕೆ ಇವೋನ್ ಎಂಬ ಫ್ರೆಂಚ್ ಹುಡುಗಿಯ ತೋಳು ಹಿಡಿದು ಬರುವ ಜರ್ಮನ್ ಅಧಿಕಾರಿಯೊಬ್ಬನಿದ್ದಾನೆ. ಆ ಪಾತ್ರದ ಹಾನ್ಸ್ ಫಾನ್ ಟ್ವಾರ್ಡೋಸ್ಕಿ, ಹಿಂದೆ ‘ಕಾಲಿಗರಿ’ ಚಿತ್ರದಲ್ಲಿ ತನ್ನ ಆಯುಸ್ಸೆಷ್ಟೆಂದು ಸೆಸಾರೆಯನ್ನು ಕೇಳಿ, ಬೆಳಗಿನ ಜಾವದವರೆಗೆ ಮಾತ್ರವೆಂಬ ಉತ್ತರವನ್ನು ಪಡೆದ ತರುಣನ ಪಾತ್ರ ವಹಿಸಿದ್ದವನು. ಪ್ರಶ್ನೆ ಕೇಳಿದವನೂ ಉತ್ತರ ಕೊಟ್ಟವನೂ ಇಬ್ಬರೂ ದೇಶಭ್ರಷ್ಟರಾಗಿ, ಇಪ್ಪತ್ತೆರಡು ವರ್ಷಗಳ ಮೇಲೆ, ಕ್ಯಾಲಿಫೋರ್ನಿಯದ ಒಂದು ಕೃತ್ರಿಮ ಮೊರೊಕ್ಕೊದಲ್ಲಿ ನಾಜಿಯ ದಿರಿಸು ತೊಟ್ಟು ಸಂಧಿಸಿದರು. ಇಂಥ ಸಂಗತಿಯನ್ನು ಕಾದಂಬರಿಕಾರನು ಬರೆದರೆ ಅಸಂಭಾವ್ಯವೆಂದು ವಿಮರ್ಶಕರು ಹೊಡೆದು ಹಾಕುತ್ತಿದ್ದರು.

ಈ ಚಿತ್ರಕ್ಕೂ ನಮ್ಮ ಮೈಸೂರು ಸೀಮೆಗೂ ನೇರವಾದ ಸಂಬಂಧವಿಲ್ಲ. ಆದರೆ ಫೈಟನಿಗೆ ಉಂಟು. 1940ರಲ್ಲಿ ಬಂದ ‘ಬಾಗ್ದಾದಿನ ಕಳ್ಳ’ ಎಂಬ ವರ್ಣಚಿತ್ರದಲ್ಲಿ ಫೈಟನು ಮಾಂತ್ರಿಕ ಮಂತ್ರಿ ಜಾಫರ್. ಅವನನ್ನು ಮಣಿಸುವ ಪುಟ್ಟ ಕಳ್ಳನಾಗಿ ಬಂದವನು ಸಾಬು—1924ರಲ್ಲಿ ಕಾರಾಪುರದಲ್ಲಿ ಮಾವುತನೊಬ್ಬನ ಮಗನಾಗಿ ಹುಟ್ಟಿದ ಹುಡುಗ. ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ರಾಬರ್ಟ್ ಫ್ಲಾಹರ್ಟಿಯ ತಂಡದವರು ಮೈಸೂರಿಗೆ ಬಂದಾಗ ಆನೆಲಾಯದಲ್ಲಿ ಅವರ ಕಣ್ಣಿಗೆ ಬಿದ್ದವನು. ಆ ಚಿತ್ರ 1937ರಲ್ಲಿ ಹೊರಬಂದಿತು. ಇಂಗ್ಲೆಂಡಿನಲ್ಲಿ ಆರಂಭವಾದ ‘ಬಾಗ್ದಾದಿನ ಕಳ್ಳ’ವನ್ನು ಯುದ್ಧದ ದೆಸೆಯಿಂದ ಹಾಲಿವುಡ್ಡಿಗೆ ಸಾಗಿಸಿ ಮುಗಿಸಬೇಕಾಯಿತು. ಸಾಬು ಅಲ್ಲಿಯೇ ನಿಂತ. 1944ರಲ್ಲಿ ಅಮೆರಿಕದ ಪ್ರಜೆಯಾದ. ಬಾಂಬರ್ ವಿಮಾನದ ಬಾಲದಲ್ಲಿ ಕುಳಿತು ಕೋವಿ ಹಾರಿಸುವ ಸೈನಿಕನಾಗಿ ಯುದ್ಧ ಮಾಡಿ ಶೌರ್ಯಪದಕ ಪಡೆದ. 1963ರಲ್ಲಿ ಮೂವತ್ತೊಂಬತ್ತರ ಹರಯದಲ್ಲಿ ತೀರಿಕೊಂಡ. ಹಾಲಿವುಡ್ಡು ಈತನಿಗೂ ಒಂದೇ ವೇಷವನ್ನು ಮತ್ತೆ ಮತ್ತೆ ಕೊಟ್ಟಿತು. ಫೈಟನಿಗೆ ಬೂಟು, ಸಾಬುವಿಗೆ ರುಮಾಲು.

ಪೀಟರ್ ಲೋರೆಯ ವಿಚಾರವಾಗಿ ಸ್ವಲ್ಪ ನಿಧಾನವಾಗಿ ಮಾತನಾಡಬೇಕು. ನಮಗೆ ಎಲ್ಲರಿಗಿಂತ ಪ್ರಿಯನಾದವನು ಇವನೇ ಎಂದು ಒಪ್ಪಿಕೊಂಡುಬಿಡುತ್ತೇವೆ. ಕುಳ್ಳ ದೇಹ, ದುಂಡು ಮುಖ, ಹೊರಕ್ಕೆ ಚಾಚಿದ ದೊಡ್ಡ ಕಣ್ಣುಗಳು, ಬೆಣ್ಣೆಯಲ್ಲಿ ಅದ್ದಿದಂಥ ಮೆಲುದನಿ. 1904ರಲ್ಲಿ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಸ್ಲೊವಾಕಿಯದಲ್ಲಿರುವ ಊರೊಂದರಲ್ಲಿ ಯಹೂದ್ಯ ಕುಟುಂಬದಲ್ಲಿ ಹುಟ್ಟಿದವನು. 1931ರಲ್ಲಿ ಫ್ರಿಟ್ಸ್ ಲಾಂಗನು ಜರ್ಮನಿಯಲ್ಲಿ ತಯಾರಿಸಿದ ‘ಎಂ’ ಎಂಬ ವಾಕ್ಚಿತ್ರದಲ್ಲಿ ಮಕ್ಕಳನ್ನು ಕೊಲ್ಲುವ ಹುಚ್ಚನ ಪಾತ್ರವನ್ನು ವಹಿಸಿ ಒಂದೇ ಏಟಿಗೆ ಪ್ರಸಿದ್ಧನಾದ. ಆ ಚಿತ್ರದ ಕೊನೆಯಲ್ಲಿ ನಗರದ ಕಳ್ಳಕಾಕರೆಲ್ಲ ಸೇರಿ ಅವನನ್ನು ಹಿಡಿದು ವಿಚಾರಣೆ ನಡೆಸುತ್ತಾರೆ. ಅವನು ನೆಲದ ಮೇಲೆ ಬಿದ್ದು, ತನ್ನೊಳಗಿನ ಪಿಶಾಚಿಯನ್ನು ತಾನು ತಡೆಯಲಾರೆನೆಂದು ಚೀರುತ್ತಾನೆ. ಕೊಲೆಗಡುಕನ ಮೇಲೆ ಕರುಣೆಯುಂಟಾಗುವುದು ಸುಲಭವಲ್ಲ. ಉಂಟಾದರೆ ನಮಗೇ ನಾಚಿಕೆ. ಲೋರೆ ಆ ಎರಡನ್ನೂ ಒಟ್ಟಿಗೆ ಉಂಟುಮಾಡುತ್ತಾನೆ.

ಈ ಅಭಿನಯಕ್ಕೆ ಒದಗಿದ ಗತಿಯನ್ನು ಕೇಳಿ. ನಾಜಿಗಳು ಅಧಿಕಾರಕ್ಕೆ ಬಂದ ಕೂಡಲೆ ಲೋರೆ ದೇಶ ಬಿಟ್ಟ. 1940ರಲ್ಲಿ ಅವರು ಯಹೂದ್ಯರ ಮೇಲೆ ದ್ವೇಷವನ್ನು ಬಿತ್ತುವುದಕ್ಕಾಗಿಯೇ ತಯಾರಿಸಿದ ಪ್ರಚಾರಚಿತ್ರವೊಂದರಲ್ಲಿ, ‘ಎಂ’ ಚಿತ್ರದ ಆ ಕೊನೆಯ ಚೀರಾಟದ ಭಾಗವನ್ನು ಕತ್ತರಿಸಿ ಸೇರಿಸಿದರು. ನಟನ ಪಾತ್ರವನ್ನೇ ನಟನ ಸ್ವಭಾವವೆಂದೂ, ಅವನ ಸ್ವಭಾವವನ್ನೇ ಅವನ ಕುಲದ ಸ್ವಭಾವವೆಂದೂ ತೋರಿಸುವ ಕುತಂತ್ರ ಅದು. ವೇಷಕ್ಕೂ ವೇಷಧಾರಿಗೂ ಇರುವ ಅಂತರವನ್ನು ಬುದ್ಧಿಪೂರ್ವಕವಾಗಿ ಅಳಿಸಿಹಾಕುವುದಕ್ಕಿಂತ ಹೆಚ್ಚಿನ ದ್ರೋಹವನ್ನು ನಟನಿಗೆ ಬಗೆಯುವುದು ಸಾಧ್ಯವೇ ಎಂದು ನಮಗೆ ತಿಳಿಯದು. ಇತ್ತ ಹಾಲಿವುಡ್ಡಿನವರು ಅವನಿಗೆ ಅನ್ನವನ್ನೇನೋ ಕೊಟ್ಟರು. 1937ರಿಂದ 1939ರವರೆಗೆ ಮೋಟೊ ಎಂಬ ಜಪಾನೀ ಪತ್ತೇದಾರನಾಗಿ ಎಂಟು ಚಿತ್ರಗಳಲ್ಲಿ ನಟಿಸಿದ. ಬರ್ಲಿನ್ನಿನಲ್ಲಿ ಬ್ರೆಕ್ಟನ ನಾಟಕಗಳಲ್ಲಿ ಪಾತ್ರ ಮಾಡಿದ್ದವನಿಗೆ ಅದು ಹಿತವಾಗಿದ್ದಿರಲಾರದು.

‘ಕಾಸಾಬ್ಲಾಂಕಾ’ದಲ್ಲಿ ಲೋರೆ ಬರುವುದು ಕೆಲವೇ ನಿಮಿಷ. ರಹದಾರಿಗಳನ್ನು ಕದ್ದು ಮಾರುವ ಉಗಾರ್ಟೆ ಎಂಬ ಕಳ್ಳಸಂತೆಯವನ ಪಾತ್ರ. ರಿಕ್ಕನ ಗೌರವವನ್ನು ಸಂಪಾದಿಸಬೇಕೆಂಬುದು ಅವನ ದೊಡ್ಡ ಆಸೆ; ರಿಕ್ಕನಿಗೆ ಅವನನ್ನು ಕಂಡರೆ ಅಲಕ್ಷ್ಯ. ಪೊಲೀಸರು ಬೆನ್ನಟ್ಟಿದಾಗ ಓಡಿಬಂದು ರಿಕ್ಕನ ಕೋಟನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು, ನನ್ನನ್ನು ಬಚ್ಚಿಡು ಎಂದು ಬೇಡುತ್ತಾನೆ. ರಿಕ್ ಅಲುಗುವುದಿಲ್ಲ. ಎಳೆದುಕೊಂಡು ಹೋಗುತ್ತಾರೆ. ಮುಂದೆ ಅವನು ಸತ್ತನೆಂಬ ಸುದ್ದಿ ಮಾತ್ರ ನಮಗೆ ಬರುತ್ತದೆ. ಈ ದೃಶ್ಯವನ್ನು ನೋಡುವಾಗ ‘ಎಂ’ ಚಿತ್ರದ ಚೀರಾಟ ನೆನಪಿಗೆ ಬಾರದೆ ಇರದು. ಅಲ್ಲಿ ತನ್ನೊಳಗಿನಿಂದ ಓಡಿದವನು ಇಲ್ಲಿ ಹೊರಗಿನವರಿಂದ ಓಡುತ್ತಿದ್ದಾನೆ. ಕಣ್ಣುಗಳು ಅವೇ.

ಇನ್ನು ಮುದುಕರ ಸರದಿ. ನಾಳೆ ಅಮೆರಿಕಕ್ಕೆ ಹೊರಡಲಿರುವ ಲಾಯ್ಕ್‌ಟಾಗ್ ದಂಪತಿಗಳು ಪರಿಚಾರಕ ಕಾರ್ಲನೊಡನೆ ಒಂದು ಬಟ್ಟಲು ಪಾನೀಯವನ್ನು ಸೇವಿಸುತ್ತ, ಇನ್ನು ಮೇಲೆ ನಾವು ಇಂಗ್ಲಿಷಿನಲ್ಲಿಯೇ ಮಾತನಾಡುತ್ತೇವೆ, ಹೊಸ ದೇಶದಲ್ಲಿ ಮನೆಯ ಭಾವ ಬರಬೇಕಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪತಿಯು ಗಂಟೆ ಎಷ್ಟೆಂದು ಕೇಳುತ್ತಾನೆ. ಸತಿಯು ಉತ್ತರ ಕೊಡುತ್ತಾಳೆ. ಇಬ್ಬರ ವ್ಯಾಕರಣವೂ ಜರ್ಮನಿನದು, ಶಬ್ದಗಳು ಮಾತ್ರ ಇಂಗ್ಲಿಷಿನವು. ಕಾರ್ಲನು ಗಂಭೀರವಾಗಿ, ಅಮೆರಿಕದಲ್ಲಿ ನಿಮಗೆ ಏನೂ ತೊಂದರೆಯಾಗದು ಎಂದು ಆಶೀರ್ವದಿಸುತ್ತಾನೆ. ಪ್ರೇಕ್ಷಕರು ನಗುತ್ತಾರೆ, ನಗಬೇಕಾದುದೇ. ಇಂಗ್ಲಿಷನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನಮಗೂ ಅಲ್ಲಿ ನಗು ತಡೆಯದು. ಆದರೆ ಆ ಮೂವರು ನಟರು ಯಾರು? ಪತಿಯಾದ ಲುಡ್ವಿಗ್ ಸ್ಟೋಸಲ್ ಆಸ್ಟ್ರಿಯದವನು. ಹಿಟ್ಲರನು 1938ರಲ್ಲಿ ಆ ದೇಶವನ್ನು ನುಂಗಿದ ಮೇಲೆ ಸೆರೆಮನೆಯ ರುಚಿ ಕಂಡು ತಪ್ಪಿಸಿಕೊಂಡು ಬಂದವನು. ಸತಿಯಾದ ಇಲ್ಕಾ ಗ್ರೂನಿಂಗ್ ಬರ್ಲಿನ್ನಿನಲ್ಲಿ ಅಭಿನಯ ಶಾಲೆಯನ್ನು ನಡೆಸಿದ್ದ ದೊಡ್ಡ ಹೆಸರಿನ ಕಲಾವಿದೆ. ಅರವತ್ತು ದಾಟಿದ ಮೇಲೆ ಪರದೇಶದಲ್ಲಿ ಹೊಸ ಭಾಷೆಯಲ್ಲಿ ಎರಡು ಮಾತಿನ ಪಾತ್ರಗಳಿಗೆ ಕೈಚಾಚಬೇಕಾಯಿತು. ಕಾರ್ಲನಾದ ಸಕಾಲ್ ಹಂಗೆರಿಯ ಪ್ರಸಿದ್ಧ ಹಾಸ್ಯನಟ. ಅವನ ಉಬ್ಬಿದ ಕೆನ್ನೆಗಳನ್ನು ಕಂಡು ಹಾಲಿವುಡ್ಡಿನವರು ಮುದ್ದಿನ ಹೆಸರಿಟ್ಟರು. ಅವನ ಸೋದರಿಯರು ನಾಜಿಗಳ ಬಂದೀಶಿಬಿರದಲ್ಲಿ ಅಳಿದರು. ಆ ವಿನೋದದ ಸಂಭಾಷಣೆಯನ್ನು ಮೂವರೂ ಎಷ್ಟು ಹಗುರವಾಗಿ ಆಡುತ್ತಾರೆಂದರೆ, ಒಂದು ಗುಲಗಂಜಿಯಷ್ಟು ಹೆಚ್ಚು ಒತ್ತಿದ್ದರೂ ಅದು ಕೆಡುತ್ತಿತ್ತು.

ಪಾನಗೃಹದ ಒಳಮನೆಯಲ್ಲಿ ಜೂಜಿನ ಚಕ್ರವಿದೆಯಷ್ಟೆ. ಅದನ್ನು ತಿರುಗಿಸುವ ಎಮಿಲ್ ಎಂಬವನ ಹೆಸರು ನಟರ ಪಟ್ಟಿಯಲ್ಲಿಯೇ ಇಲ್ಲ. ಅವನೇ ಮಾರ್ಸೆಲ್ ಡಾಲಿಯೊ. ಫ್ರಾನ್ಸಿನಲ್ಲಿ ಜಾನ್ ರೆನ್ವಾರನ ‘ಮಹಾಭ್ರಾಂತಿ’ (1937) ಮತ್ತು ‘ಆಟದ ನಿಯಮಗಳು’ (1939) ಎಂಬೆರಡು ಮಹಾಕೃತಿಗಳಲ್ಲಿ ಪ್ರಮುಖ ಪಾತ್ರಗಳನ್ನು ವಹಿಸಿದವನು. ಮೊದಲನೆಯದರಲ್ಲಿ ಜರ್ಮನರ ಸೆರೆಯಲ್ಲಿರುವ ಯಹೂದ್ಯ ಅಧಿಕಾರಿ. ಎರಡನೆಯದರಲ್ಲಿ ಬಂಗಲೆಯ ಒಡೆಯನಾದ ಶ್ರೀಮಂತ. ಜರ್ಮನರು 1940ರ ಜೂನಿನಲ್ಲಿ ಪ್ಯಾರಿಸನ್ನು ಸಮೀಪಿಸಿದಾಗ, ತನ್ನ ತರುಣಪತ್ನಿ ಮದೆಲೀನ್ ಲಬೋಳೊಂದಿಗೆ ಓಡಿದ. ಲಿಸ್ಬನ್ನಿನಲ್ಲಿ ತಿಂಗಳೆರಡು ಕಾದು ರಹದಾರಿಗಳನ್ನು ಸಂಪಾದಿಸಿ ಹಡಗು ಹತ್ತಿದರೆ, ಮೆಕ್ಸಿಕೊ ತಲಪುವ ವೇಳೆಗೆ ಅವರ ಚಿಲಿ ದೇಶದ ರಹದಾರಿಗಳು ಖೋಟಾ ಎಂದು ಗೊತ್ತಾಯಿತು. ಕೊನೆಗೆ ಕೆನಡಾದ ತಾತ್ಕಾಲಿಕ ರಹದಾರಿಗಳ ಮೇಲೆ ಅಮೆರಿಕವನ್ನು ಸೇರಿದರು. ‘ಕಾಸಾಬ್ಲಾಂಕಾ’ದ ಕಥೆಯೇ ಇದಲ್ಲವೆ? ಅಷ್ಟರಲ್ಲಿ ಫ್ರಾನ್ಸಿನಲ್ಲಿ ನಾಜಿಗಳು ಡಾಲಿಯೊವಿನ ಮುಖವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಯಹೂದ್ಯರನ್ನು ಗುರುತಿಸುವುದು ಹೇಗೆಂದು ಜನರಿಗೆ ಕಲಿಸುವ ಭಿತ್ತಿಪತ್ರವಾಗಿ ಗೋಡೆಗಳಿಗೆ ಅಂಟಿಸಿದ್ದರು. ಅವನ ಕುಟುಂಬದವರು ಬಂದೀಶಿಬಿರಗಳಲ್ಲಿ ಸತ್ತರು.

ಆ ಚಕ್ರದ ಬಳಿ ನಡೆಯುವ ಒಂದು ಪ್ರಸಂಗವನ್ನು ನೆನೆಯಿರಿ. ಹಣವಿಲ್ಲದೆ ಕಂಗೆಟ್ಟ ಬಲ್ಗೇರಿಯದ ತರುಣನೊಬ್ಬನು ಉಳಿದ ಕಾಸನ್ನು ಜೂಜಿಗಿಟ್ಟಿದ್ದಾನೆ. ರಿಕ್ ಬಂದು, ಇಪ್ಪತ್ತೆರಡರ ಮೇಲೆ ಇಡು ಎಂದು ಮೆಲ್ಲನೆ ಹೇಳಿ ಚಕ್ರದವನ ಕಡೆ ನೋಡುತ್ತಾನೆ. ಚಕ್ರ ಇಪ್ಪತ್ತೆರಡಕ್ಕೇ ನಿಲ್ಲುತ್ತದೆ; ಎರಡನೆಯ ಸಲವೂ ಅಲ್ಲಿಯೇ. ತರುಣನಾಗಿ ಕುಳಿತಿರುವವನು ಹೆಲ್ಮುಟ್ ಡಾಂಟೀನ್. ಆಸ್ಟ್ರಿಯದಲ್ಲಿ ನಾಜಿಗಳನ್ನು ವಿರೋಧಿಸಿದ್ದಕ್ಕಾಗಿ ತಿಂಗಳುಗಟ್ಟಲೆ ಬಂದೀಶಿಬಿರದಲ್ಲಿದ್ದು ಬಂದವನು. ಚಕ್ರ ತಿರುಗಿಸಿದವನು ಡಾಲಿಯೊ. ಮೇಜಿನ ಆಚೆಗೊಬ್ಬ ಈಚೆಗೊಬ್ಬ, ನಿಜವಾಗಿಯೂ ಪಣದಲ್ಲಿ ಗೆದ್ದು ಬದುಕಿದವರೇ.

ಚಿತ್ರದ ಹೃದಯವೆನಿಸಿದ ದೃಶ್ಯ ಹಾಡಿನದು. ಜರ್ಮನ್ ಅಧಿಕಾರಿಗಳು ಪಿಯಾನೊವಿನ ಸುತ್ತ ನಿಂತು ತಮ್ಮ ದೇಶದ ಹಾಡನ್ನು ಆರ್ಭಟಿಸುತ್ತಿರುತ್ತಾರೆ. ಲಾಸ್ಲೋ ನೇರವಾಗಿ ವಾದ್ಯಗಾರರ ಬಳಿಗೆ ನಡೆದು, ಫ್ರಾನ್ಸಿನ ರಾಷ್ಟ್ರಗೀತೆಯನ್ನು ನುಡಿಸಿ ಎನ್ನುತ್ತಾನೆ. ವಾದ್ಯಗಾರರು ಒಡೆಯನ ಕಡೆಗೆ ನೋಡುತ್ತಾರೆ. ರಿಕ್ ತಲೆಯಾಡಿಸುತ್ತಾನೆ—ಕೂದಲೆಳೆಯಷ್ಟು ಮಾತ್ರ. ಹಾಡು ಏಳುತ್ತದೆ, ಸಭೆಯೆಲ್ಲ ಎದ್ದು ನಿಂತು ದನಿಗೂಡಿಸುತ್ತದೆ, ಜರ್ಮನರ ಹಾಡು ಮುಳುಗಿಹೋಗುತ್ತದೆ. ಆಗ ತೆರೆಯ ತುಂಬ ಒಂದು ಹುಡುಗಿಯ ಮುಖ ಬರುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಜರ್ಮನನ ತೋಳು ಹಿಡಿದು ಬಂದಿದ್ದ ಆ ಇವೋನಳೇ. ಕಣ್ಣೀರು ಧಾರೆಯಾಗಿ ಇಳಿಯುತ್ತಿದ್ದರೂ ಹಾಡುತ್ತಿದ್ದಾಳೆ. ಆಕೆ ಮದೆಲೀನ್ ಲಬೋ, ಹತ್ತೊಂಬತ್ತರ ಆಸುಪಾಸಿನ ಹುಡುಗಿ, ಡಾಲಿಯೊವಿನ ಪತ್ನಿ. ಆ ಕಣ್ಣೀರಿಗೆ ಗ್ಲಿಸರಿನ್ ಬೇಕಾಯಿತೋ ಇಲ್ಲವೋ ಎಂದು ನಾವು ವಿಚಾರಿಸಲು ಹೋಗುವುದಿಲ್ಲ. ಬಾಗಿಲು ಕಾಯುವವನ ಪಾತ್ರ ವಹಿಸಿದ್ದ ಡ್ಯಾನ್ ಸೀಮೋರ್, ಚಿತ್ರೀಕರಣದ ವೇಳೆ ತಲೆಯೆತ್ತಿ ನೋಡಿದಾಗ ಸುತ್ತಲಿದ್ದವರಲ್ಲಿ ಅರ್ಧಕ್ಕರ್ಧ ಜನ ನಿಜವಾಗಿಯೇ ಅಳುತ್ತಿದ್ದುದನ್ನು ಕಂಡೆನೆಂದು ಬಹುಕಾಲದ ಮೇಲೆ ನೆನೆಸಿಕೊಂಡಿದ್ದ. ಇದು 1942ರ ಬೇಸಗೆಯ ಮಾತು ಎಂಬುದನ್ನು ಮರೆಯಬಾರದು. ಯುದ್ಧ ಯಾರ ಕಡೆಗೆ ತಿರುಗುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ; ಪ್ಯಾರಿಸ್ ಬಿಡುಗಡೆಯಾಗುವುದಕ್ಕೆ ಇನ್ನೂ ಎರಡು ವರ್ಷವಿತ್ತು.

ಹಾಡಿನ ಮರುಕ್ಷಣವೇ ಪೊಲೀಸ್ ಅಧಿಕಾರಿ ರೆನೋ ಪಾನಗೃಹವನ್ನು ಮುಚ್ಚಿಸುತ್ತಾನೆ. ಕಾರಣ? ಇಲ್ಲಿ ಜೂಜಾಡುತ್ತಾರೆಂದು ತಿಳಿದು ಅವನಿಗೆ ಆಘಾತವಾಯಿತಂತೆ! ಹೀಗೆ ಅವನು ಹೇಳುತ್ತಿರುವಾಗಲೇ ಚಕ್ರದವನು ಬಂದು, ತಾವು ಗೆದ್ದ ಹಣ ಎಂದು ನೋಟುಗಳನ್ನು ಅವನ ಕೈಗಿಡುತ್ತಾನೆ. ಆ ಚಕ್ರದವನು ಡಾಲಿಯೊ. ಎರಡು ನಿಮಿಷದ ಒಳಗೆ ಸತಿಯು ಅಳಿಸುತ್ತಾಳೆ, ಪತಿಯು ನಗಿಸುತ್ತಾನೆ. ಆ ದಿನಗಳಲ್ಲಿಯೇ ಅವರಿಬ್ಬರ ದಾಂಪತ್ಯ ವಿಚ್ಛೇದನದ ಹಾದಿ ಹಿಡಿದಿತ್ತು. ಇನ್ನೊಂದು ಮಾತು: ‘ಮಹಾಭ್ರಾಂತಿ’ಯಲ್ಲಿಯೂ ಜರ್ಮನ್ ಅಧಿಕಾರಿಗಳ ಎದುರಿಗೆ ಫ್ರೆಂಚ್ ಸೆರೆಯಾಳುಗಳು ಅದೇ ರಾಷ್ಟ್ರಗೀತೆಯನ್ನು ಎದ್ದುನಿಂತು ಹಾಡುವ ದೃಶ್ಯವಿದೆ. ಒಂದು ಹಾಡು ಎರಡು ಸಲ ಹಾಗೆ ಎದ್ದ ಎರಡು ಚಿತ್ರಗಳಲ್ಲಿಯೂ ಡಾಲಿಯೊ ಇದ್ದ. ರೆನೋ ಪಾತ್ರದ ಕ್ಲಾಡ್ ರೇನ್ಸನ ವಿಚಾರವಾಗಿ ಪ್ರತ್ಯೇಕವಾದ ಉಪನ್ಯಾಸವೇ ಬೇಕು. 1933ರ ‘ಅದೃಶ್ಯ ಮನುಷ್ಯ’ದಲ್ಲಿ ಮುಖವನ್ನು ಕೊನೆಯವರೆಗೂ ತೋರಿಸದೆ ಬರಿಯ ಕಂಠದಿಂದ ಚಿತ್ರವನ್ನು ಗೆದ್ದವನು ಅವನು; ರೇಡಿಯೋ ಕೇಳುವವರು ಅವನನ್ನು ಗುರುವೆಂದು ಭಾವಿಸಬಹುದು.

ಇಷ್ಟು ಹೇಳುವಾಗ ಒಂದು ಆಕ್ಷೇಪಣೆ ಬರುವುದನ್ನು ಬಲ್ಲೆವು. ಪಾತ್ರಧಾರಿಯ ಜೀವನಕ್ಕೂ ಕಲೆಗೂ ಏನು ಸಂಬಂಧ? ರಂಗಸ್ಥಳದಲ್ಲಿ ರಾಮನಾದವನು ಮನೆಯಲ್ಲಿ ಯಾರಾದರೇನು? ಶೋಕವನ್ನು ಅನುಭವಿಸುವವನು ನಟನಲ್ಲ, ಅದನ್ನು ರಸವಾಗಿ ಸವಿಯುವವನು ಸಹೃದಯ ಎಂದು ನಮ್ಮ ಅಲಂಕಾರಿಕರೇ ಹೇಳಿಲ್ಲವೆ? ಆಕ್ಷೇಪಣೆ ಬಲವಾದದ್ದು. ದುಃಖಪಟ್ಟವರೆಲ್ಲ ಒಳ್ಳೆಯ ನಟರಾಗುವುದಾದರೆ ಅನಾಥಾಲಯಗಳೆಲ್ಲ ನಾಟಕಶಾಲೆಗಳಾಗಬೇಕಾಗಿತ್ತು. ಲಬೋಳ ಕಣ್ಣೀರು ನಿಜವಾದದ್ದೆಂಬ ಕಾರಣಕ್ಕೆ ದೃಶ್ಯ ಚೆನ್ನಾಗಿದೆಯೆಂದು ನಾವೂ ಹೇಳುವುದಿಲ್ಲ. ಅದು ಚೆನ್ನಾಗಿರುವುದು ಕರ್ಟಿಜನು ಆ ಮುಖವನ್ನು ಎಲ್ಲಿ ಎಷ್ಟು ಹೊತ್ತು ಇಡಬೇಕೆಂಬುದನ್ನು ಬಲ್ಲವನಾಗಿದ್ದುದರಿಂದ. ಆದರೆ ಪಾತ್ರ ಸಣ್ಣದಾದಷ್ಟೂ ಕವಿಯು ಬರೆದುಕೊಟ್ಟಿರುವುದು ಕಡಮೆ; ಎರಡು ಮಾತಿನ ಪಾತ್ರವನ್ನು ತುಂಬುವುದಕ್ಕೆ ನಟನು ತನ್ನ ಮನೆಯಿಂದಲೇ ಏನನ್ನಾದರೂ ತರಬೇಕಾಗುತ್ತದೆ. ಇವರು ತಂದರು. ಅಲ್ಲದೆ ಲೋರೆಯ, ಡಾಲಿಯೊವಿನ ಮುಖಗಳನ್ನು ಕದ್ದು ಅವರ ಮೇಲೆಯೇ ಸುಳ್ಳು ಸಾಕ್ಷ್ಯವಾಗಿ ಬಳಸಿದ ಕಾಲದಲ್ಲಿ, ವೇಷಧಾರಿ ಯಾರೆಂಬುದು ತಿಳಿಯಬೇಕಾಗಿಲ್ಲವೆನ್ನುವುದು ನಮಗೆ ಸರಿಕಾಣದು.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಯಾರೂ ಪ್ರಶ್ನಿಸಲಾಗದ ಆ ರಹದಾರಿ ಪತ್ರವೆಂಬುದು ಬರಿಯ ಕಟ್ಟುಕಥೆ. ಬಂದೀಶಿಬಿರದಿಂದ ತಪ್ಪಿಸಿಕೊಂಡು ಬಂದ ಲಾಸ್ಲೋವಿನ ಬಿಳಿಯ ಸೂಟಿನಲ್ಲಿ ಒಂದು ಸುಕ್ಕೂ ಇಲ್ಲ. ಸ್ಯಾಮ್ ಎಲ್ಲರಿಗಿಂತ ವಿವೇಕಿಯಾದರೂ ಚಿತ್ರ ಅವನಿಗೆ ಸ್ವಂತದ ಕಥೆಯೊಂದನ್ನೂ ಕೊಡುವುದಿಲ್ಲ. ಆ ಕಾಲದ ಹಾಲಿವುಡ್ಡಿನಲ್ಲಿ ಕರಿಯ ನಟನಿಗೆ ಸಿಕ್ಕುತ್ತಿದ್ದುದೇ ಅಷ್ಟು. ಡೂಲಿ ವಿಲ್ಸನ್ನನಿಗೆ ಪಿಯಾನೊ ನುಡಿಸಲು ಬರುತ್ತಿರಲಿಲ್ಲ, ಅವನು ಡ್ರಮ್ ವಾದಕ. ಹಾಡಿದ್ದು ಅವನೇ, ಪಿಯಾನೊ ನುಡಿಸಿದ್ದು ಬೇರೊಬ್ಬ.

ಯುದ್ಧ ಮುಗಿದ ಮೇಲೆ ಇವರಲ್ಲಿ ಕೆಲವರು ಹಿಂದಿರುಗಿ ನೋಡಿದರು. ಲೋರೆ ಜರ್ಮನಿಗೆ ಹೋಗಿ ತಾನೇ ಬರೆದು ನಿರ್ದೇಶಿಸಿ ನಟಿಸಿದ ‘ಕಳೆದುಹೋದವನು’ ಎಂಬ ಚಿತ್ರವನ್ನು 1951ರಲ್ಲಿ ಹೊರತಂದ. ನಾಜಿಗಳ ಕಾಲದ ಪಾಪವನ್ನು ಕುರಿತ ಚಿತ್ರ. ಜನ ಬರಲಿಲ್ಲ, ಅವರಿಗೆ ಮರೆಯಬೇಕಾಗಿತ್ತು. ಲೋರೆ ಮತ್ತೆ ಅಮೆರಿಕಕ್ಕೆ ಹೋಗಿ, ಭಯಾನಕ ಚಿತ್ರಗಳಲ್ಲಿ ತನ್ನನ್ನೇ ಅಣಕಿಸಿಕೊಳ್ಳುತ್ತ, 1964ರಲ್ಲಿ ತೀರಿಕೊಂಡ. ಲಬೋ ಫ್ರಾನ್ಸಿಗೆ ಮರಳಿದಳು. 1963ರಲ್ಲಿ ಫೆಲಿನಿಯ ಚಿತ್ರವೊಂದರಲ್ಲಿ ಕಾಣಿಸಿಕೊಂಡಳು. ಪಟ್ಟಿಯಲ್ಲಿ ಹೆಸರಿದ್ದವರಲ್ಲೆಲ್ಲ ಕೊನೆಯವಳಾಗಿ 2016ರಲ್ಲಿ ಸ್ಪೇನಿನಲ್ಲಿ ಮೃತಳಾದಳು.

ಇನ್ನೊಬ್ಬನುಂಟು. ಚಿತ್ರದ ಆದಿಯಲ್ಲ, ಹೊಸದಾಗಿ ಬಂದ ಪ್ರಯಾಣಿಕರ ಮೇಲೆ ಕೈಯಿಟ್ಟು, ಜೋಕೆ, ಈ ಊರಿನಲ್ಲಿ ರಣಹದ್ದುಗಳು ತುಂಬಿವೆ ಎಂದು ಎಚ್ಚರಿಸುತ್ತಲೇ ಜೇಬು ಕತ್ತರಿಸುವ ಸಣ್ಣ ಆಸಾಮಿ. ಅವನು ಕುರ್ಟ್ ಬೋಯ್ಸ್. 1901ರಲ್ಲಿ ಬರ್ಲಿನ್ನಿನಲ್ಲಿ ಯಹೂದ್ಯ ಕುಟುಂಬದಲ್ಲಿ ಹುಟ್ಟಿ, ಏಳೆಂಟು ವರ್ಷದ ಹುಡುಗನಾಗಿಯೇ ರಂಗವನ್ನೇರಿದವನು. ನಾಜಿಗಳ ಕಾಟಕ್ಕೆ ದೇಶ ಬಿಟ್ಟು, ಹಾಲಿವುಡ್ಡಿನಲ್ಲಿ ಇಂಥ ಚಿಲ್ಲರೆ ಪಾತ್ರಗಳಲ್ಲಿ ವರ್ಷಗಳನ್ನು ಕಳೆದು, 1950ರಲ್ಲಿ ಜರ್ಮನಿಗೆ ಹಿಂದಿರುಗಿದ. 1987ರಲ್ಲಿ ವಿಮ್ ವೆಂಡರ್ಸನು ಬರ್ಲಿನ್ನಿನ ಮೇಲೆ ದೇವದೂತರು ಸುಳಿದಾಡುವ ಚಿತ್ರವೊಂದನ್ನು ತೆಗೆದಾಗ, ಹೋಮರ್ ಎಂಬ ಹೆಸರಿನ ಹಣ್ಣು ಮುದುಕನ ಪಾತ್ರಕ್ಕೆ ಬೋಯ್ಸನನ್ನು ಕರೆದ. ಮುದುಕನು ಬರ್ಲಿನ್ ಗೋಡೆಯ ಮಗ್ಗುಲಲ್ಲಿ, ಹುಲ್ಲು ಬೆಳೆದ ಬಯಲಿನಲ್ಲಿ ನಡೆಯುತ್ತ, ತಾನು ಬಲ್ಲ ಪಾಟ್ಸ್‌ಡಾಮ್ ಚೌಕವನ್ನು ಹುಡುಕುತ್ತಾನೆ. ಇಲ್ಲಿ ಒಂದು ಕಾಫಿ ಅಂಗಡಿಯಿತ್ತು, ಇಲ್ಲಿ ಟ್ರಾಮು ಓಡುತ್ತಿತ್ತು, ಇದು ಆ ಸ್ಥಳವಾಗಿರಲಾರದು ಎಂದು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಾನೆ. ಬಯಲಿನ ನಡುವೆ ಯಾರೋ ಎಸೆದುಹೋದ ಹಳೆಯ ಕುರ್ಚಿಯೊಂದು ಬಿದ್ದಿದೆ. ಮುದುಕ ದಣಿದು ಅದರಲ್ಲಿ ಕುಳಿತುಕೊಳ್ಳುತ್ತಾನೆ.